ಸ್ಪ್ಯಾನಿಷ್ ಬಾರದ ಲ್ಯಾಟಿನೋ ಮೇಯರ್: ಕ್ಯಾಸ್ಟ್ರೊ ‘ನಮ್ಮವ’ ಆಗೋದು ಯಾವ ಲೆಕ್ಕದಲ್ಲಿ?

ತೀರ್ಥಹಳ್ಳಿ_ಮಗಳು
ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷದಿಂದ ಟೆಕ್ಸಾಸಿನ ಸ್ಯಾನ್ ಆಂಟೋನಿಯೋದಲ್ಲಿದೀನಿ. ಮಗನಿಗೆ ಶಾಲೆಯಲ್ಲಿ ‘ನಮ್ಮ ಊರಿನ ಒಬ್ಬ ಮೇಯರ್ ಬಗ್ಗೆ ಬರೆ’ ಅಂತ ಪ್ರಾಜೆಕ್ಟ್ ಕೊಟ್ಟಿದ್ರು. ಅವನು ಆರಿಸಿಕೊಂಡಿದ್ದು ಜೂಲಿಯನ್ ಕ್ಯಾಸ್ಟ್ರೊ. 2009ರಲ್ಲಿ 34ನೇ ವಯಸ್ಸಿಗೆ ಇಲ್ಲಿ ಮೇಯರ್ ಆದವರು, 2014ರ ತನಕ ಇದ್ದರು. 2012ರಲ್ಲಿ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಮುಖ್ಯ ಭಾಷಣ ಮಾಡಿದ ಮೊದಲ ಲ್ಯಾಟಿನೋ, ಅಂದ್ರೆ ಲ್ಯಾಟಿನ್ ಅಮೆರಿಕ ಮೂಲದವರು. ಆಮೇಲೆ ಒಬಾಮಾ ಸಂಪುಟದಲ್ಲಿ ವಸತಿ ಸಚಿವ, 2020ರ ಚುನಾವಣೆಗೆ ಅಧ್ಯಕ್ಷ ಸ್ಥಾನದ ಆಕಾಂಕ್ಷಿ.

ಹುಡುಗ ಅರ್ಧ ಬರೆದು ಪೆನ್ನಿಟ್ಟು ಕೇಳಿದ: "ಇವರಿಗೆ ಸ್ಪ್ಯಾನಿಷ್ ಸರಿಯಾಗಿ ಬರಲ್ವಂತೆ. ಹಾಗಾದ್ರೆ ಲ್ಯಾಟಿನೋ ಹೇಗಮ್ಮ?" ಏನೋ ಹೇಳಿ ಸಾಗಹಾಕೋಣ ಅಂದ್ಕೊಂಡೆ. ಅಷ್ಟರಲ್ಲಿ ಇನ್ನೊಂದು ಬಂತು: "ನಂಗೂ ಕನ್ನಡ ಓದೋಕೆ ಬರಲ್ವಲ್ಲ, ನಾನೇನು ಹಾಗಾದ್ರೆ?"

ಯುಗಾದಿ ಊಟಕ್ಕೆ ಹೋದಾಗ ಇದನ್ನೇ ಹೇಳಿದೆ. ಹೋಳಿಗೆ ಹಾಕಿಸಿಕೊಳ್ಳೋದನ್ನೂ ಮರೆತು ಜಗಳಾಡಿದ್ರು. ನನ್ನ ಅಭಿಪ್ರಾಯ ಹೇಳಿಬಿಡ್ತೀನಿ, ಬೈಯೋರು ಬೈಯಿರಿ: ಭಾಷೆ ಹೋದ ಮೇಲೆ ಉಳಿಯೋದು ಅಡ್ಡಹೆಸರು ಮಾತ್ರ. ಅಡ್ಡಹೆಸರು ತೋರಿಸಿ ‘ನಾನು ನಿಮ್ಮವನು, ವೋಟು ಹಾಕಿ’ ಅನ್ನೋದು ನಂಗ್ಯಾಕೋ ಸರಿ ಕಾಣಲ್ಲ. ನೀವೇನಂತೀರಿ?

ಮಂಡ್ಯ_ಗಂಡು
ಅಕ್ಕ, ನಿಮ್ಮೂರಿಗೆ ಮೇಯರ್ ಅಂತ ಒಬ್ರು ಇದಾರಲ್ಲ, ಅದೇ ಪುಣ್ಯ. ಬೆಂಗಳೂರಲ್ಲಿ 2020ರ ಸೆಪ್ಟೆಂಬರ್‌ಗೆ ಕೌನ್ಸಿಲ್ ಅವಧಿ ಮುಗೀತು. ಎಲೆಕ್ಷನ್ ಮಾಡ್ರಪ್ಪ ಅಂತ ಬಾಯಿ ಬಡ್ಕೊಂಡ್ರೆ 2025ರಲ್ಲಿ ಪಾಲಿಕೇನೇ ಐದು ಚೂರು ಮಾಡಿ ಮಡಗಿದ್ರು.

ನಿರ್ವಾಹಕ
ಬೆಂಗಳೂರು ಪಾಲಿಕೆಗೆ ಬೇರೆ ಎಳೆ ಇದೆ. ಅಲ್ಲಿ ಹೋಗಿ ಎಷ್ಟು ಬೇಕಾದರೂ ಬೈಯಬಹುದು.

ಸ್ಪ್ಯಾನಿಷ್_ಮೇಷ್ಟ್ರು
ಮೊದಲು ಹೆಸರು ತಿದ್ದಿ. ಜೂಲಿಯನ್ ಅಲ್ಲ, ಹೂಲಿಯಾನ್. ಸ್ಪ್ಯಾನಿಷ್‌ನಲ್ಲಿ ಜೆ ಅಕ್ಷರಕ್ಕೆ ಹಕಾರ, ಒತ್ತು ಕೊನೆಯ ಅಕ್ಷರದ ಮೇಲೆ. ಅವರು ತಮ್ಮನ್ನು ಕರೆಸಿಕೊಳ್ಳೋದೂ ಹಾಗೇ. ಅವಳಿ ತಮ್ಮ ಹ್ವಾಕೀನ್, ಇವರಿಗಿಂತ ಒಂದೇ ನಿಮಿಷ ಚಿಕ್ಕವನು, ಈಗ ಸಂಸದ. ಇಬ್ಬರೂ ಹುಟ್ಟಿದ್ದು 1974ರ ಸೆಪ್ಟೆಂಬರ್ 16ರಂದು, ಅದು ಮೆಕ್ಸಿಕೋದ ಸ್ವಾತಂತ್ರ್ಯ ದಿನ.

ಇನ್ನೊಂದು ಮಾತು. ಬೆಂಗಳೂರಲ್ಲಿ ಕೂತು ಸ್ಪ್ಯಾನಿಷ್ ಕಲಿಸುವ ನನಗೆ ಅವರಿಗಿಂತ ಚೆನ್ನಾಗಿ ಆ ಭಾಷೆ ಬರುತ್ತೆ. ಹಾಗಂತ ನಾನು ಲ್ಯಾಟಿನೋ ಆಗಿಬಿಟ್ನಾ?

ಸುಮ್ನೆ_ಓದ್ತೀನಿ
ಮೇಷ್ಟ್ರು ಒಂದೇ ಏಟಿಗೆ ಎಳೆ ಮುಗಿಸಿದ್ರು.

ದಾರ್ವಾಡಪೇಡೆ
ಎಲ್ಲಿ ಮುಗೀತ್ರೀ, ಈಗ ಸುರು ಆತು. ಅಕ್ಕಾರ, ಭಾಷಾ ಬರೂದಿಲ್ಲ ಅಂತ ಆ ಮನಷ್ಯಾನ್ನ ಬೈಯೂಕಿಂತ ಮೊದಲ ಯಾಕ ಬರೂದಿಲ್ಲ ಅಂತ ಕೇಳ್ರಿ. ಟೆಕ್ಸಾಸ್‌ನ್ಯಾಗ 1918ರಿಂದ ಕಾನೂನ ಇತ್ತು, ಸಾಲ್ಯಾಗ ಇಂಗ್ಲಿಷ್ ಬಿಟ್ಟು ಬ್ಯಾರೆ ಭಾಷಾದಾಗ ಪಾಠ ಹೇಳಿದ್ರ ಮಾಸ್ತರಗ ಶಿಕ್ಷಾ. ಮಕ್ಕಳು ಆಟದ ಬಯಲಾಗ ಸ್ಪ್ಯಾನಿಷ್ ಮಾತಾಡಿದ್ರೂ ಬೆತ್ತದ ಪೆಟ್ಟು, ದಂಡ, ಸಾಲಿ ಬಿಟ್ಟ ಮ್ಯಾಲೂ ಕೂಡ್ಸೂದು. 1968ರಾಗ ಫೆಡರಲ್ ನಾಗರಿಕ ಹಕ್ಕು ಆಯೋಗ ನಿಮ್ಮ ಸ್ಯಾನ್ ಆಂಟೋನಿಯೋದಾಗ ವಿಚಾರಣೆ ನಡಸ್ದಾಗ ಇದೆಲ್ಲಾ ದಾಖಲಾಗೇದ. ಪೆಟ್ಟು ತಿಂದ ತಲಿಮಾರು ತಮ್ಮ ಮಕ್ಕಳಿಗೆ ಸ್ಪ್ಯಾನಿಷ್ ಕಲಸ್ಲಿಲ್ಲ. ತಮಗಾದ ಗತಿ ಕೂಸಿಗೆ ಬ್ಯಾಡ ಅಂತ. ಈಗ ಆ ಕೂಸು ದೊಡ್ಡಾಂವ ಆಗಿ ಮೇಯರ್ ಆದ್ರ, ‘ನಿನಗ ಭಾಷಾ ಬರೂದಿಲ್ಲ, ನೀ ನಮ್ಮಾಂವ ಅಲ್ಲ’ ಅಂತೀರಿ. ಕಸಗೊಂಡಾವ್ರು ಯಾರೋ, ಬೈಸಿಗೊಳ್ಳಾಂವ ಯಾರೋ.

ಕೊಬ್ಬರಿಮಿಠಾಯಿ
ಪೇಡೆಯವರೇ, ಇದಕ್ಕೆ ಟೆಕ್ಸಾಸ್ ತನಕ ಯಾಕೆ ಹೋಗ್ಬೇಕು. ನಾನು ಓದಿದ ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಕನ್ನಡ ಮಾತಾಡಿದರೆ ಒಂದು ರೂಪಾಯಿ ದಂಡ ಇತ್ತು. ಕ್ಲಾಸ್ ಲೀಡರ್ ಚೀಟಿಯಲ್ಲಿ ಹೆಸರು ಬರೀತಿದ್ದಳು. ಶನಿವಾರ ವಸೂಲಿ. ಒಂದು ವಾರ ನಂದೇ ಏಳು ರೂಪಾಯಿ ಆಗಿತ್ತು, ಅಪ್ಪನ ಜೇಬಿಂದ ಕದ್ದು ಕಟ್ಟಿದ್ದೆ. ಅದೂ ಎಲ್ಲಿ, ಹಾಸನದಲ್ಲಿ. ನಾವೇ ನಮ್ಮ ಮಕ್ಕಳಿಗೆ ದುಡ್ಡು ಕೊಟ್ಟು ಈ ದಂಡ ಹಾಕಿಸಿದ್ದು. ಅವರಿಗಾದರೂ ಕಾನೂನು ಅಂತ ಒಂದು ನೆಪ ಇತ್ತು.

ತೀರ್ಥಹಳ್ಳಿ_ಮಗಳು
@ದಾರ್ವಾಡಪೇಡೆ ಬೆತ್ತದ ವಿಷಯ ಗೊತ್ತಿರಲಿಲ್ಲ. ಪಕ್ಕದ ಮನೆ ಅಜ್ಜಿಗೆ 74 ವರ್ಷ, ಇದೇ ಊರಲ್ಲಿ ಓದಿದವರು. ಸಂಜೆ ಕೇಳಿ ನೋಡ್ತೀನಿ. ಆದರೂ ಒಂದು ಪ್ರಶ್ನೆ ಉಳೀತು. ಬೆಳೆದ ಮೇಲೆ ಕಲಿಯಬಹುದಿತ್ತಲ್ಲ? ಸ್ಟ್ಯಾನ್‌ಫರ್ಡ್, ಹಾರ್ವರ್ಡ್ ಮುಗಿಸಿದವರಿಗೆ ಅದೇನು ಮಹಾ?

ಸ್ಪ್ಯಾನಿಷ್_ಮೇಷ್ಟ್ರು
ಮೇಯರ್ ಆದ ಮೇಲೆ ಕಲಿಯೋಕೆ ಶುರು ಮಾಡಿದ್ರು. ಕಿವಿಗೆ ಬಿದ್ದರೆ ತಿಳಿಯುತ್ತೆ, ಬಾಯಿಗೆ ಬರೋವಾಗ ತಡವರಿಸ್ತಾರೆ. 2019ರ ಜೂನ್‌ನಲ್ಲಿ ಮಯಾಮಿಯಲ್ಲಿ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷ ಸ್ಥಾನದ ಆಕಾಂಕ್ಷಿಗಳ ಚರ್ಚೆ ನೋಡಿದವರಿಗೆ ನೆನಪಿರಬೇಕು. ಐರಿಷ್ ಮೂಲದ ಬೆಟೊ ಓ’ರೂರ್ಕ್ ಗಡಗಡ ಅಂತ ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಟ್ಟ. ಕಪ್ಪು ಸಮುದಾಯದ ಕೋರಿ ಬುಕರ್ ಕೂಡ. ವೇದಿಕೆಯ ಮೇಲಿದ್ದ ಒಬ್ಬನೇ ಒಬ್ಬ ಲ್ಯಾಟಿನೋ ಕೊನೆಯಲ್ಲಿ ನಾಲ್ಕು ಮಾತು ಸ್ಪ್ಯಾನಿಷ್‌ನಲ್ಲಿ ಹೇಳಿ ಇಂಗ್ಲಿಷ್‌ಗೆ ತಿರುಗಿದರು.

ಅದಕ್ಕಿಂತ ಚುಚ್ಚೋದು 2016. ಹಿಲರಿ ಕ್ಲಿಂಟನ್ ಜೊತೆಗೆ ಉಪಾಧ್ಯಕ್ಷ ಸ್ಥಾನಕ್ಕೆ ಕ್ಯಾಸ್ಟ್ರೊ ಹೆಸರು ಓಡಾಡಿತ್ತು. ಕೊನೆಗೆ ಸಿಕ್ಕಿದ್ದು ಟಿಮ್ ಕೇಯ್ನ್‌ಗೆ. ಬಿಳಿಯ ಮನುಷ್ಯ, ಯೌವನದಲ್ಲಿ ಹೊಂಡುರಾಸ್‌ನಲ್ಲಿ ಪಾದ್ರಿಗಳ ಶಾಲೆಯಲ್ಲಿ ಕೆಲಸ ಮಾಡಿ ಸ್ಪ್ಯಾನಿಷ್ ಕಲಿತವನು. ಮೊದಲ ಸಭೆಯಲ್ಲೇ ಸ್ಪ್ಯಾನಿಷ್ ಮಾತಾಡಿ ಚಪ್ಪಾಳೆ ಗಿಟ್ಟಿಸಿದ.

ಮಂಡ್ಯ_ಗಂಡು
ಬೆಟೊ ಅನ್ನೋದು ನಿಜವಾದ ಹೆಸ್ರಾ ಮೇಷ್ಟ್ರೇ?

ಸ್ಪ್ಯಾನಿಷ್_ಮೇಷ್ಟ್ರು
ಇಲ್ಲ, ರಾಬರ್ಟ್. ಮೆಕ್ಸಿಕೋ ಗಡಿಯ ಎಲ್ ಪಾಸೊದಲ್ಲಿ ಬೆಳೆದಿದ್ದಕ್ಕೆ ಚಿಕ್ಕಂದಿನ ಕರೆಯೋ ಹೆಸರು. 2018ರಲ್ಲಿ ಅವನ ಎದುರು ಸೆನೆಟ್‌ಗೆ ನಿಂತಿದ್ದ ಟೆಡ್ ಕ್ರೂಸ್, ಆ ಹೆಸರನ್ನೇ ಗೇಲಿ ಮಾಡಿ ರೇಡಿಯೊ ಜಾಹೀರಾತು ಕೊಟ್ಟ. ಟೆಡ್ ಕ್ರೂಸ್ ಪೂರ್ತಿ ಹೆಸರು ರಫಾಯೆಲ್ ಎಡ್ವರ್ಡ್ ಕ್ರೂಸ್, ತಂದೆ ಕ್ಯೂಬಾದವರು.

ಮಂಡ್ಯ_ಗಂಡು
ರಾಬರ್ಟ್ ಬೆಟೊ ಆದ, ರಫಾಯೆಲ್ ಟೆಡ್ ಆದ. ಇಬ್ರೂ ಒಬ್ರ ಅಂಗಿ ಒಬ್ರು ಹಾಕ್ಕೊಂಡ್ ಕುಸ್ತಿಗಿಳಿದವ್ರೆ!

ಹಳೇಪತ್ರಕರ್ತ
ಭಾಷೆ, ಹೆಸರು ಅಂತ ಎಲ್ಲರೂ ಮಾತಾಡ್ತಿದ್ದೀರಿ. ಮುಖ್ಯವಾದ ಸಂಗತಿಯನ್ನು ಯಾರೂ ಮುಟ್ಟಲಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಸ್ಯಾನ್ ಆಂಟೋನಿಯೋಗೆ 1841-42ರಲ್ಲಿ ಹುವಾನ್ ಸೆಗಿನ್ ಎಂಬ ಮೇಯರ್ ಇದ್ದ. ಟೆಕ್ಸಾಸ್ ಸ್ವತಂತ್ರವಾಗಬೇಕು ಅಂತ ಮೆಕ್ಸಿಕೋ ಸೇನೆಯ ವಿರುದ್ಧ ಹೋರಾಡಿದ ಟೆಹಾನೊ, ಅಂದರೆ ಮೆಕ್ಸಿಕನ್ ಮೂಲದ ಟೆಕ್ಸಾಸಿನವನು. ಅಂಥವನನ್ನೇ ದ್ರೋಹಿ ಎಂದು ಊರು ಬಿಡಿಸಿದರು. ಅವನಾದ ಮೇಲೆ ಆ ಊರಿಗೆ ಮೆಕ್ಸಿಕನ್ ಮೂಲದ ಇನ್ನೊಬ್ಬ ಮೇಯರ್ ಚುನಾಯಿತನಾಗಿದ್ದು 1981ರಲ್ಲಿ, ಹೆನ್ರಿ ಸಿಸ್ನೆರೊಸ್. ನಡುವೆ ಸುಮಾರು 140 ವರ್ಷ. ಊರಲ್ಲಿ ಮೆಕ್ಸಿಕನ್ ಮೂಲದವರು ಇರಲಿಲ್ಲವೇ? ಅರ್ಧ ಊರೇ ಅವರು.

ಕಾರಣ ಇಷ್ಟೆ. ಕೌನ್ಸಿಲ್‌ಗೆ ವಾರ್ಡು ಇರಲಿಲ್ಲ. ಎಲ್ಲ ಸೀಟಿಗೂ ಇಡೀ ಊರು ವೋಟು ಹಾಕಬೇಕು. ಇಡೀ ಊರಲ್ಲಿ ಪ್ರಚಾರ ಮಾಡಲು ದುಡ್ಡು ಬೇಕು, ದುಡ್ಡಿದ್ದದ್ದು ಉತ್ತರ ಭಾಗದ ವ್ಯಾಪಾರಿಗಳ ಹತ್ತಿರ. ಐವತ್ತರ ದಶಕದ ಮಧ್ಯದಿಂದ ಎಪ್ಪತ್ತರ ದಶಕದ ಆರಂಭದವರೆಗೆ ಗುಡ್ ಗವರ್ನಮೆಂಟ್ ಲೀಗ್ ಅನ್ನುವ ಅವರ ಕೂಟ ಪಟ್ಟಿ ಮಾಡಿದಂತೆ ಕೌನ್ಸಿಲ್ ತುಂಬುತ್ತಿತ್ತು. ಕೂಟವೂ ಒಂದೆರಡು ಮೆಕ್ಸಿಕನ್ ಹೆಸರನ್ನು ಸೇರಿಸುತ್ತಿತ್ತು, ಅದನ್ನು ಮರೆಯಬಾರದು. ಅಡ್ಡಹೆಸರಿನ ರಾಜಕೀಯವನ್ನು ಮೊದಲು ಆಡಿದವರು ಅವರೇ. ಸಿಸ್ನೆರೊಸ್ ಕೂಡ 1975ರಲ್ಲಿ ಆ ಪಟ್ಟಿಯಲ್ಲೇ ಕೌನ್ಸಿಲ್‌ಗೆ ಬಂದದ್ದು.

ಪಶ್ಚಿಮ ಭಾಗದ ಬಡ ಕೇರಿಗಳಲ್ಲಿ ಮಳೆ ಬಂದರೆ ಮನೆಯೊಳಗೆ ನೀರು. ಚರಂಡಿ ಇಲ್ಲ. 1974ರಲ್ಲಿ ಅಲ್ಲಿನ ಚರ್ಚುಗಳ ಸುತ್ತ ‘ಕಾಪ್ಸ್’ ಎಂಬ ಸಂಘಟನೆ ಹುಟ್ಟಿತು. ಅದರ ಮೊದಲ ಹೋರಾಟವೇ ಚರಂಡಿಗಾಗಿ. ಅದೇ ವರ್ಷ ವಿಲೀ ವೆಲಾಸ್ಕೆಸ್ ಮತದಾರರ ನೋಂದಣಿ ಸಂಸ್ಥೆ ಕಟ್ಟಿದರು. 1975ರಲ್ಲಿ ಮತದಾನ ಹಕ್ಕು ಕಾಯ್ದೆಯನ್ನು ಭಾಷಾ ಅಲ್ಪಸಂಖ್ಯಾತರಿಗೂ ವಿಸ್ತರಿಸಿದರು. ಊರಿಗೆ ಹೊಸ ಬಡಾವಣೆಗಳನ್ನು ಸೇರಿಸಿಕೊಂಡು ಬಿಳಿಯರ ವೋಟು ಹೆಚ್ಚಿಸಿಕೊಂಡಿದ್ದಕ್ಕೆ ಕೇಂದ್ರ ನ್ಯಾಯ ಇಲಾಖೆ ತಕರಾರು ಎತ್ತಿತು. ಕೊನೆಗೆ 1977ರಲ್ಲಿ ಹತ್ತು ವಾರ್ಡು ಆಯಿತು. ಅದೇ ವರ್ಷದ ಚುನಾವಣೆಯಲ್ಲಿ 11 ಜನರ ಕೌನ್ಸಿಲ್‌ಗೆ ಐವರು ಮೆಕ್ಸಿಕನ್ ಮೂಲದವರು, ಒಬ್ಬರು ಕಪ್ಪು ಸಮುದಾಯದವರು ಬಂದು ಕುಳಿತರು.

ಈಗ ಕ್ಯಾಸ್ಟ್ರೊ ತಾಯಿಗೆ ಬನ್ನಿ. ರೋಸಿ ಕ್ಯಾಸ್ಟ್ರೊ 1971ರಲ್ಲಿ ಇದೇ ಕೌನ್ಸಿಲ್‌ಗೆ ನಿಂತು ಸೋತರು. ಮುಂದೆ ಮೆಕ್ಸಿಕನ್ ಮೂಲದವರು ಕಟ್ಟಿದ ರಾಸಾ ಯುನಿದಾ ಪಕ್ಷದಲ್ಲಿ ಓಡಾಡಿದವರು. ಮೂವತ್ತು ವರ್ಷದ ಮೇಲೆ, 2001ರಲ್ಲಿ, 26 ವರ್ಷದ ಮಗ ಒಂದು ವಾರ್ಡಿನಿಂದ ನಿಂತು ಗೆದ್ದ. ತಾಯಿಗೆ ಸ್ಪ್ಯಾನಿಷ್ ಬರುತ್ತಿತ್ತು, ಸೋತರು. ಮಗನಿಗೆ ಬರುತ್ತಿರಲಿಲ್ಲ, ಗೆದ್ದ. ನಡುವೆ ಬದಲಾಗಿದ್ದು ವಾರ್ಡಿನ ಗೆರೆ.

ಸುಮ್ನೆ_ಓದ್ತೀನಿ
ಇದನ್ನ ಉಳಿಸಿಟ್ಕೊಂಡೆ.

ಹ್ಯೂಸ್ಟನ್_ಹುಳಿ
ಪತ್ರಕರ್ತರ ಬರಹ ಚೆನ್ನಾಗಿದೆ, ಆದರೆ ಒಂದು ಲೆಕ್ಕ ತಪ್ಪುತ್ತೆ. ಮೇಯರ್ ಸ್ಥಾನಕ್ಕೆ ವಾರ್ಡಿಲ್ಲ, ಇವತ್ತಿಗೂ ಇಡೀ ಊರು ವೋಟು ಹಾಕುತ್ತೆ. 2005ರಲ್ಲಿ ಕ್ಯಾಸ್ಟ್ರೊ ಮೇಯರ್ ಸ್ಥಾನಕ್ಕೆ ನಿಂತು ಸೋತರು, ಫಿಲ್ ಹಾರ್ಡ್‌ಬರ್ಗರ್ ಅನ್ನೋ ನಿವೃತ್ತ ನ್ಯಾಯಾಧೀಶರ ಎದುರು. ಜನಸಂಖ್ಯೆಯಲ್ಲಿ ಲ್ಯಾಟಿನೋಗಳೇ ಜಾಸ್ತಿ ಇದ್ದರೂ ಸೋತರು. 2009ರಲ್ಲಿ ಉತ್ತರ ಭಾಗದ ವ್ಯಾಪಾರಿಗಳ ಜೊತೆ ಕೂತು ಮಾತಾಡಿ, ನಾನು ಎಲ್ಲರ ಮೇಯರ್ ಅಂತ ಹೇಳಿ ಗೆದ್ದರು. ಅಂದರೆ ‘ನಮ್ಮವ’ ಅನ್ನೋದು ವಾರ್ಡ್ ಗೆಲ್ಲಿಸುತ್ತೆ, ಊರು ಗೆಲ್ಲಿಸಲ್ಲ.

2005ರ ಸೋಲಿಗೆ ಇನ್ನೊಂದು ತಮಾಷೆ ಕಾರಣವನ್ನೂ ಜನ ಹೇಳ್ತಾರೆ. ನದಿಯ ಮೇಲಿನ ಉತ್ಸವದ ಮೆರವಣಿಗೆಯಲ್ಲಿ ಕೌನ್ಸಿಲ್‌ನ ದೋಣಿಯಲ್ಲಿ ಕ್ಯಾಸ್ಟ್ರೊ ಬದಲು ಅವಳಿ ತಮ್ಮ ನಿಂತು ಜನರಿಗೆ ಕೈ ಬೀಸಿದ್ದ. ‘ಮೋಸ ಮಾಡಿದರು’ ಅಂತ ದೊಡ್ಡ ಗಲಾಟೆ ಆಯ್ತು.

ಮಂಡ್ಯ_ಗಂಡು
ಅಯ್ಯೋ ಶಿವನೇ, ಡಬಲ್ ಆ್ಯಕ್ಟಿಂಗ್! ನಮ್ಮಲ್ಲಾಗಿದ್ರೆ ಅದಕ್ಕೇ ಜಾಸ್ತಿ ವೋಟ್ ಬೀಳ್ತಿತ್ತು.

ಡೆಟ್ರಾಯ್ಟ್_ರಾಯ
ಗುರುತಿನ ರಾಜಕೀಯ ಅಂದಾಗ ನಮ್ಮ ಮಿಶಿಗನ್ ಕಥೆ ಹೇಳಲೇಬೇಕು. ನಮ್ಮ ಸಂಸದ ಶ್ರೀ ಥಾನೇದಾರ್, 2023ರ ಜನವರಿಯಿಂದ. ಹುಟ್ಟಿದ್ದು ಚಿಕ್ಕೋಡಿ, ಬೆಳೆದದ್ದು ಬೆಳಗಾವಿ. ಕ್ಷೇತ್ರದ ದೊಡ್ಡ ಭಾಗ ಡೆಟ್ರಾಯ್ಟ್, ಕಪ್ಪು ಸಮುದಾಯದ ಊರು. ಸುಮಾರು ಎಪ್ಪತ್ತು ವರ್ಷದಲ್ಲಿ ಮೊದಲ ಸಲ ಆ ಊರಿಗೆ ಕಪ್ಪು ಸಂಸದರಿಲ್ಲದ ಹಾಗಾಯ್ತು. ಅಲ್ಲಿಯ ಹಿರಿಯರು ಬಹಳ ನೊಂದುಕೊಂಡರು. ನಾವು ಇಲ್ಲಿ ‘ನಮ್ಮ ಕರ್ನಾಟಕದವರು ಗೆದ್ದರು’ ಅಂತ ಸಿಹಿ ಹಂಚಿದೆವು. ಅವರ ನೋವು ನಮ್ಮ ಕಣ್ಣಿಗೇ ಬೀಳಲಿಲ್ಲ. ಆಮೇಲೆ ಯೋಚಿಸಿದರೆ ಸ್ವಲ್ಪ ನಾಚಿಕೆಯಾಯ್ತು.

ದಾರ್ವಾಡಪೇಡೆ
ರಾಯರ, ಅವರು ಮರಾಠಿ ಮನಿತನದವ್ರು. ಆತ್ಮಕಥಿ ಬರದದ್ದೂ ಮರಾಠಿಯೊಳಗ. ‘ನಮ್ಮವ್ರು’ ಅಂತ ಸಿಹಿ ಹಂಚೂ ಮುಂದ ಬೆಳಗಾವಿ ಗಡಿ ಗದ್ದಲ ನೆನಪಾಗ್ಲಿಲ್ಲೇನು?

ಡೆಟ್ರಾಯ್ಟ್_ರಾಯ
ಗೊತ್ತು ಸ್ವಾಮಿ. ಆದರೆ ಬೆಳಗಾವಿಯಲ್ಲಿ ಬೆಳೆದವರು ನಮ್ಮವರಲ್ಲ ಅಂತ ನಾವೇ ಹೇಳಿದರೆ ಗಡಿ ವಾದದಲ್ಲಿ ಗೆಲ್ಲೋದು ಯಾರು, ಹೇಳಿ?

ದಾರ್ವಾಡಪೇಡೆ
...ಈ ಒಂದು ಮಾತಿಗೆ ನಾ ಸುಮ್ಮನಾದೆ.

ನಿರ್ವಾಹಕ
ಬೆಳಗಾವಿ ಗಡಿಗೂ ಬೇರೆ ಎಳೆ ಇದೆ. ಇಲ್ಲಿಗೆ ಸಾಕು.

ಕಡಲತಡಿ
‘ಲ್ಯಾಟಿನೋ’ ಅಂತ ಒಂದೇ ಗಂಟು ಕಟ್ಟಿ ಮಾತಾಡ್ತಾ ಇದ್ದೀರಲ್ಲ, ಆ ಗಂಟಿನೊಳಗೆ ಯಾರ್ಯಾರಿದ್ದಾರೆ ಅಂತ ನೋಡಿದ್ದೀರಾ? 2022ರ ಅಕ್ಟೋಬರ್‌ನಲ್ಲಿ ಲಾಸ್ ಏಂಜಲಿಸ್ ಕೌನ್ಸಿಲ್‌ನ ಒಂದು ಗುಟ್ಟಿನ ಧ್ವನಿಮುದ್ರಣ ಹೊರಬಿತ್ತು. ಮಾತಾಡಿದವರೆಲ್ಲ ಲ್ಯಾಟಿನೋ ನಾಯಕರೇ, ವಿಷಯ ವಾರ್ಡ್ ಗೆರೆ ಹೇಗೆ ಎಳೆಯೋದು ಅಂತ. ಅದರಲ್ಲಿ ಕೌನ್ಸಿಲ್ ಅಧ್ಯಕ್ಷೆ ನೂರಿ ಮಾರ್ಟಿನೆಸ್ ಮೆಕ್ಸಿಕೋದ ಓಹಾಕಾ ಕಡೆಯ ಮೂಲನಿವಾಸಿಗಳ ಎತ್ತರ, ಬಣ್ಣದ ಬಗ್ಗೆ ಹಗುರವಾಗಿ ಆಡಿಕೊಂಡಿದ್ದರು. ಸಹ ಸದಸ್ಯರೊಬ್ಬರ ಕಪ್ಪು ಮಗುವಿನ ಬಗ್ಗೆಯೂ ಹೇಳಬಾರದ್ದು ಹೇಳಿದ್ದರು. ರಾಜೀನಾಮೆ ಕೊಡಬೇಕಾಯ್ತು.

ಓಹಾಕಾದಿಂದ ಬಂದ ಎಷ್ಟೋ ಮಂದಿಗೆ ಮನೆಮಾತು ಸಾಪೊಟೆಕ್, ಮಿಶ್ಟೆಕ್. ಅವರಿಗೆ ಸ್ಪ್ಯಾನಿಷ್ಷೇ ಎರಡನೇ ಭಾಷೆ! ‘ಸ್ಪ್ಯಾನಿಷ್ ಬಂದರೆ ಮಾತ್ರ ಲ್ಯಾಟಿನೋ’ ಅಂದ್ರೆ ಅವರನ್ನು ಎಲ್ಲಿ ಹಾಕ್ತೀರಿ? ನಾನು ತುಳು ಮನೆಯವಳು. ಬೆಂಗಳೂರಿಗೆ ಬಂದಾಗ ‘ನಿಮ್ಮ ಕನ್ನಡ ಪುಸ್ತಕದ ಹಾಗಿದೆ, ನೀವು ಕನ್ನಡದವರಾ?’ ಅಂತ ಕೇಳಿಸಿಕೊಂಡವಳು. ಮನೆಯಲ್ಲಿ ಕನ್ನಡ ಮಾತಾಡದ ಕರ್ನಾಟಕದವರು ಎಷ್ಟೋ ಲಕ್ಷ ಇದ್ದೇವೆ ಮಾರಾಯ್ರೆ. ಭಾಷೆಯ ಅಳತೆಕೋಲು ಹಿಡಿಯೋ ಮೊದಲು ಸ್ವಲ್ಪ ಯೋಚನೆ ಮಾಡಿ.

ತೀರ್ಥಹಳ್ಳಿ_ಮಗಳು
@ಕಡಲತಡಿ ಒಪ್ಪಿದೆ. ಹಾಗೆ ಯೋಚಿಸಿರಲಿಲ್ಲ.

ಕಟ್ಟುನಿಟ್ಟು_ಕನ್ನಡಿಗ
ಎಲ್ಲರೂ ಮೆತ್ತಗಾಗ್ತಾ ಇದ್ದೀರಿ, ನಾನು ಆಗಲ್ಲ. ಇವತ್ತು ಕಾರಣ ಹೇಳಿ ಭಾಷೆ ಬಿಟ್ಟರೆ ನಾಳೆ ಅಡುಗೆ, ನಾಡಿದ್ದು ಹೆಸರು. ಹಾಗಾದ್ರೆ ಬರ್ತಾ ಬರ್ತಾ ಲ್ಯಾಟಿನೋ ಅನ್ನೋ ಪದಕ್ಕೆ ಅರ್ಥ ಏನು? ಜನಗಣತಿಯ ಒಂದು ಚೌಕ ಅಷ್ಟೇ. ಆ ಚೌಕಕ್ಕೆ ಟಿಕ್ ಹಾಕಿದವರೆಲ್ಲ ಒಂದೇ ಪಕ್ಷಕ್ಕೆ ವೋಟು ಹಾಕ್ತಾರೆ ಅಂದ್ಕೊಂಡವರಿಗೆ 2024ರಲ್ಲಿ ಏನಾಯ್ತು? ಟೆಕ್ಸಾಸ್ ಗಡಿಯ ಸ್ಟಾರ್ ಕೌಂಟಿ, ನೂರಕ್ಕೆ 95ಕ್ಕೂ ಹೆಚ್ಚು ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷೆಯ ನೆಲದ ಮೂಲದ) ಜನ, ನೂರಕ್ಕೂ ಹೆಚ್ಚು ವರ್ಷ ಡೆಮಾಕ್ರಟಿಕ್ ಪಕ್ಷದ ಕೈ ಬಿಡದ ಜಾಗ. ಟ್ರಂಪ್ ಗೆದ್ದರು. 2019ರಲ್ಲಿ ಇದೇ ಕ್ಯಾಸ್ಟ್ರೊ ‘ಅನುಮತಿಯಿಲ್ಲದೆ ಗಡಿ ದಾಟೋದು ಕ್ರಿಮಿನಲ್ ಅಪರಾಧ ಆಗಬಾರದು’ ಅಂತ ಎಲ್ಲರಿಗಿಂತ ಮುಂದೆ ಹೋಗಿ ಹೇಳಿದ್ದರು. ಗಡಿಯಲ್ಲಿರೋ ಜನ ಅದನ್ನ ಕೇಳಿ ಕುಣಿದಾಡಿದ್ರಾ? ಇಲ್ಲ. 2020ರ ಜನವರಿ 2ಕ್ಕೆ, ಮೊದಲ ಮತದಾನಕ್ಕೂ ಮುಂಚೆ, ಕಣದಿಂದ ಹೊರಗೆ.

ಹಳೇಪತ್ರಕರ್ತ
ಕಟ್ಟುನಿಟ್ಟು ಅವರ ಸ್ಟಾರ್ ಕೌಂಟಿ ಮಾತು ಸರಿ. ಆದರೆ ಅದು ಅವರದೇ ವಾದವನ್ನು ಮುರಿಯುತ್ತೆ. ಸ್ಟಾರ್ ಕೌಂಟಿಯಲ್ಲಿ ಮನೆಮನೆಯಲ್ಲೂ ಸ್ಪ್ಯಾನಿಷ್ ಇದೆ. ಭಾಷೆ ಗಟ್ಟಿಯಾಗಿ ಉಳಿದ ಜಾಗದಲ್ಲೇ ‘ನಮ್ಮವರ ಪಕ್ಷ’ ಅನ್ನೋ ಲೆಕ್ಕ ಕುಸಿದಿದ್ದು. ಭಾಷೆಗೂ ವೋಟಿಗೂ ನೀವಂದುಕೊಂಡ ನಂಟಿಲ್ಲ.

ಕಟ್ಟುನಿಟ್ಟು_ಕನ್ನಡಿಗ
ನಾನು ವೋಟಿನ ಬಗ್ಗೆ ಅಲ್ಲ ಸಾರ್ ಹೇಳಿದ್ದು, ಅರ್ಥದ ಬಗ್ಗೆ.

ಹಳೇಪತ್ರಕರ್ತ
ಈಗ ತಾನೆ ಒಂದು ಪ್ಯಾರಾ ಪೂರ್ತಿ ವೋಟಿನ ಬಗ್ಗೆ ಬರೆದಿರಿ.

ಸುಮ್ನೆ_ಓದ್ತೀನಿ
ಕಾಫಿ ಮಾಡ್ಕೊಂಡ್ ಬರ್ತೀನಿ, ತಡೀರಿ.

ಹ್ಯೂಸ್ಟನ್_ಹುಳಿ
ಕ್ಯಾಸ್ಟ್ರೊ ಆದ ಮೇಲೆ ಆ ಊರಿನ ಮೇಯರ್ ಪಟ್ಟಿ ನೋಡಿ, ಇನ್ನೂ ಮಜಾ ಇದೆ. 2014ರಲ್ಲಿ ಅವರು ವಾಷಿಂಗ್ಟನ್‌ಗೆ ಹೊರಟಾಗ ಕೌನ್ಸಿಲ್ ಆರಿಸಿದ್ದು ಐವಿ ಟೇಲರ್ ಅವರನ್ನ, ಕಪ್ಪು ಸಮುದಾಯದ ಮಹಿಳೆ. 2015ರ ಚುನಾವಣೆಯಲ್ಲಿ ಲೆಟಿಸಿಯಾ ವ್ಯಾನ್ ಡಿ ಪುಟ್ ಎದುರು ನಿಂತರು. ವ್ಯಾನ್ ಡಿ ಪುಟ್ ಮೆಕ್ಸಿಕನ್ ಮೂಲದ ಮನೆತನ, ವರ್ಷಗಟ್ಟಲೆ ರಾಜ್ಯ ಸೆನೆಟರ್, ಪಕ್ಷದ ದೊಡ್ಡವರ ಬೆಂಬಲ ಬೇರೆ. ಅಷ್ಟಿದ್ದೂ ಟೇಲರ್ ಗೆದ್ದರು. 2010ರ ಗಣತಿ ಪ್ರಕಾರ ನೂರಕ್ಕೆ 63 ಜನ ಹಿಸ್ಪಾನಿಕ್ ಇರೋ ಊರಲ್ಲಿ, ಕಪ್ಪು ಜನ ನೂರಕ್ಕೆ ಏಳೆಂಟು ಇರೋ ಊರಲ್ಲಿ! ಆಮೇಲೆ 2017ರಿಂದ 2025ರ ತನಕ ರಾನ್ ನಿರೆನ್‌ಬರ್ಗ್. ಅವರೂ ಲ್ಯಾಟಿನೋ ಅಲ್ಲ.

2025ರ ಜೂನ್‌ನಲ್ಲಿ ಜೀನಾ ಓರ್ಟಿಸ್ ಜೋನ್ಸ್ ಗೆದ್ದರು. ಓರ್ಟಿಸ್ ಅಂತ ನೋಡಿ ಎಷ್ಟೋ ಜನ ‘ಸದ್ಯ, ಮತ್ತೆ ಒಬ್ಬ ಲ್ಯಾಟಿನಾ ಬಂದಳು’ ಅಂದ್ಕೊಂಡಿರಬಹುದು. ಅವರ ತಾಯಿ ಫಿಲಿಪೀನ್ಸ್‌ನವರು.

ಮಂಡ್ಯ_ಗಂಡು
ಫಿಲಿಪೀನ್ಸಲ್ಲಿ ಓರ್ಟಿಸ್ ಎಲ್ಲಿಂದ ಬಂತು?

ಸ್ಪ್ಯಾನಿಷ್_ಮೇಷ್ಟ್ರು
ಮುನ್ನೂರು ವರ್ಷಕ್ಕೂ ಹೆಚ್ಚು ಸ್ಪೇನ್ ಆಳಿತ್ತಲ್ಲ. 1849ರಲ್ಲಿ ಅಲ್ಲಿಯ ಗವರ್ನರ್, ತೆರಿಗೆ ಲೆಕ್ಕಕ್ಕೆ ಅನುಕೂಲ ಆಗಲಿ ಅಂತ, ಎಲ್ಲರೂ ಅಡ್ಡಹೆಸರು ಇಟ್ಟುಕೊಳ್ಳಿ ಅಂತ ಆಜ್ಞೆ ಮಾಡಿ ಪಟ್ಟಿಯನ್ನೇ ಹಂಚಿದ. ಹಾಗೆ ಮನೆಮನೆಗೂ ಸ್ಪ್ಯಾನಿಷ್ ಹೆಸರು ಬಂತು. ಜೋನ್ಸ್ ಮನೆಗೆ ಓರ್ಟಿಸ್ ಹೇಗೆ ಬಂತು ಅನ್ನೋದು ನನಗೆ ಗೊತ್ತಿರೋ ವಿಷಯ ಅಲ್ಲ. ಸಾಮಾನ್ಯವಾಗಿ ಹೇಳಿದೆ.

ಕೊಬ್ಬರಿಮಿಠಾಯಿ
ಅಡ್ಡಹೆಸರಿನ ವಿಷಯಕ್ಕೆ ಲಾಸ್ ಏಂಜಲಿಸ್‌ನ ಆಂಟೋನಿಯೋ ವಿಯರಾಯ್‌ಗೋಸಾ ಅವರನ್ನ ಬಿಡೋದು ಹೇಗೆ. ಹುಟ್ಟಿದಾಗ ಬರೀ ವಿಯಾರ್. ಹೆಂಡತಿ ಮನೆ ಹೆಸರು ರಾಯ್‌ಗೋಸಾ. ಮದುವೆಯಾದಾಗ ಎರಡನ್ನೂ ಹೊಲಿದುಕೊಂಡರು. 2005ರಲ್ಲಿ ಮೇಯರ್ ಆದರು, ಆ ಊರಿಗೆ 1872ರ ನಂತರ ಮೊದಲ ಲ್ಯಾಟಿನೋ ಮೇಯರ್. ಆಮೇಲೆ ವಿಚ್ಛೇದನ ಆಯ್ತು, ಅರ್ಧ ಹೆಸರು ಮಾತ್ರ ಇವತ್ತಿಗೂ ಹೆಂಡತಿದೇ.

ಮಂಡ್ಯ_ಗಂಡು
ಸೋಡಾಚೀಟಿ ಆದ್ರೂ ಹೊಲಿಗೆ ಬಿಚ್ಚಲಿಲ್ಲ ಅನ್ನಿ.

ಮೈಸೂರುಪಾಕ
ನಂಗೊಂದು ದಡ್ಡ ಪ್ರಶ್ನೆ. ಮೇಯರ್ ಕೈಯಲ್ಲಿ ಅಷ್ಟೆಲ್ಲ ಅಧಿಕಾರ ಇರುತ್ತಾ ಅಲ್ಲಿ? ಇಷ್ಟು ಜಗಳ ಆಡೋಕೆ?

ಹ್ಯೂಸ್ಟನ್_ಹುಳಿ
ದಡ್ಡ ಪ್ರಶ್ನೆ ಏನಲ್ಲ. ಸ್ಯಾನ್ ಆಂಟೋನಿಯೋದಲ್ಲಿ ದಿನನಿತ್ಯದ ಆಡಳಿತ ಸಿಟಿ ಮ್ಯಾನೇಜರ್ ಕೈಲಿ, ನಮ್ಮ ಪಾಲಿಕೆ ಕಮಿಷನರ್ ಹಾಗೆ, ಆದರೆ ಅವರನ್ನ ನೇಮಿಸೋದು ಕೌನ್ಸಿಲ್. ಕ್ಯಾಸ್ಟ್ರೊ ಇದ್ದಾಗ ಕೌನ್ಸಿಲ್ ಸದಸ್ಯರಿಗೆ ಸಂಬಳ ಸಭೆಗೆ 20 ಡಾಲರ್! ಮೇಯರ್‌ಗೆ ವರ್ಷಕ್ಕೆ 3,000 ಜಾಸ್ತಿ, ಅಷ್ಟೇ. 2015ರಲ್ಲಿ ಜನ ವೋಟು ಹಾಕಿ ಸರಿಯಾದ ಸಂಬಳ ಕೊಟ್ಟರು, ಮೇಯರ್‌ಗೆ ವರ್ಷಕ್ಕೆ 61,725 ಡಾಲರ್. ಹುದ್ದೆಯಲ್ಲಿ ಹೂರಣ ಕಮ್ಮಿ ಇದ್ದಿದ್ದಕ್ಕೇ ಗುರುತಿನ ಬೆಲೆ ಜಾಸ್ತಿ ಅನ್ಸುತ್ತೆ ನಂಗೆ.

ಹಾಗಂತ ಏನೂ ಮಾಡಲಿಲ್ಲ ಅನ್ನೋ ಹಾಗಿಲ್ಲ. 2012ರ ನವೆಂಬರ್‌ನಲ್ಲಿ ಮಾರಾಟ ತೆರಿಗೆಯನ್ನ ಡಾಲರ್‌ಗೆ ಎಂಟನೇ ಒಂದು ಸೆಂಟ್ ಏರಿಸಿ ನಾಲ್ಕು ವರ್ಷದ ಮಕ್ಕಳಿಗೆ ಪೂರ್ವಶಾಲೆ ತೆರೆಯೋಕೆ ಜನರಿಂದಲೇ ಒಪ್ಪಿಗೆ ಪಡೆದರು. ತೆರಿಗೆ ಏರಿಸಿ ಅಂತ ಟೆಕ್ಸಾಸ್‌ನಲ್ಲಿ ವೋಟು ಕೇಳಿ ಗೆಲ್ಲೋದು ಅಂದ್ರೆ ಹುಡುಗಾಟ ಅಲ್ಲ. ಅದರಲ್ಲಿ ಎಲ್ಲೂ ‘ಲ್ಯಾಟಿನೋ ಮಕ್ಕಳಿಗೆ’ ಅಂತ ಇರಲಿಲ್ಲ.

ಹಳೇಪತ್ರಕರ್ತ
ಇದ್ದಿದ್ದರೆ ಸೋಲುತ್ತಿತ್ತು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ನಾ_ಹೊಸಬ
ಹಿಸ್ಪಾನಿಕ್, ಲ್ಯಾಟಿನೋ, ಲ್ಯಾಟಿನೆಕ್ಸ್, ಮೂರಕ್ಕೂ ವ್ಯತ್ಯಾಸ ಏನು? ಯಾವುದು ಬಳಸಬೇಕು?

ಸ್ಪ್ಯಾನಿಷ್_ಮೇಷ್ಟ್ರು
ಹಿಸ್ಪಾನಿಕ್ ಅಂದರೆ ಸ್ಪ್ಯಾನಿಷ್ ಭಾಷೆಯ ನೆಲದವರು, ಸ್ಪೇನಿನವರೂ ಸೇರಿ. ಲ್ಯಾಟಿನೋ ಅಂದರೆ ಲ್ಯಾಟಿನ್ ಅಮೆರಿಕದ ಮೂಲದವರು, ಪೋರ್ಚುಗೀಸ್ ಆಡುವ ಬ್ರೆಜಿಲ್‌ನವರನ್ನೂ ಸೇರಿಸೋದುಂಟು. ಲ್ಯಾಟಿನೆಕ್ಸ್ ಗಂಡು-ಹೆಣ್ಣು ಭೇದ ಬೇಡ ಅಂತ ಕಟ್ಟಿದ್ದು. ಸಮೀಕ್ಷೆ ಮಾಡುವ ಪ್ಯೂ ಸಂಸ್ಥೆಯ 2020ರ ವರದಿಯಂತೆ ಆ ಪದವನ್ನ ತಮಗೆ ಬಳಸುವವರು ನೂರಕ್ಕೆ 3 ಜನ. ಬೀದಿಯಲ್ಲಿ ಕೇಳಿದರೆ ಮೂರನ್ನೂ ಹೇಳದೆ ‘ಮೆಕ್ಸಿಕನ್’, ‘ಟೆಹಾನೊ’, ‘ಪೋರ್ಟೊ ರಿಕನ್’ ಅಂತಾರೆ. ನಾವು ‘ಸೌತ್ ಏಷ್ಯನ್’ ಅಂತ ನಮ್ಮನ್ನ ಕರ್ಕೊಳ್ತೀವಾ? ಹಾಗೆ.

ತೀರ್ಥಹಳ್ಳಿ_ಮಗಳು
ಸ್ಪ್ಯಾನಿಷ್ ಬಾರದ ಹುಡುಗರಿಗೆ ಇಲ್ಲಿ ‘ನೋ ಸಾಬೊ ಕಿಡ್’ ಅಂತ ಅಡ್ಡಹೆಸರೂ ಇದೆ ಮೇಷ್ಟ್ರೇ, ಮಗನ ಕ್ಲಾಸಲ್ಲಿ ಬಳಸ್ತಾರೆ.

ಸ್ಪ್ಯಾನಿಷ್_ಮೇಷ್ಟ್ರು
ಹೌದು. ‘ನಂಗೊತ್ತಿಲ್ಲ’ ಅನ್ನೋಕೆ ‘ನೋ ಸೆ’ ಅನ್ನಬೇಕು. ವ್ಯಾಕರಣ ತಪ್ಪಿ ‘ನೋ ಸಾಬೊ’ ಅನ್ನುವ ಮಕ್ಕಳನ್ನ ಹಾಗೆ ಆಡಿಕೊಳ್ತಾರೆ. ಪ್ಯೂದವರೇ 2023ರಲ್ಲಿ ಹೇಳಿದ್ದು: ಲ್ಯಾಟಿನೋ ಅನ್ನಿಸಿಕೊಳ್ಳೋಕೆ ಸ್ಪ್ಯಾನಿಷ್ ಬರಲೇಬೇಕು ಅಂತಿಲ್ಲ ಅಂದವರು ನೂರಕ್ಕೆ 78. ಅಷ್ಟು ಉದಾರಿಗಳಾಗಿದ್ದೂ, ಭಾಷೆ ಅಷ್ಟಾಗಿ ಬಾರದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ‘ನಮ್ಮವರೇ ನಮ್ಮನ್ನ ಹೀಯಾಳಿಸಿದ್ದಾರೆ’ ಅಂದಿದ್ದಾರೆ. ಪ್ರಶ್ನೆ ಕೇಳಿದಾಗ ಒಂದು ಉತ್ತರ, ಊಟದ ಪಂಕ್ತಿಯಲ್ಲಿ ಇನ್ನೊಂದು.

ಚಂದಮಾಮ_ಓದುಗ
ಸಂಬಂಧವಿಲ್ಲದ ಮಾಹಿತಿ: ಸ್ಯಾನ್ ಆಂಟೋನಿಯೋ 2008ರಿಂದ ಚೆನ್ನೈನ ಸೋದರಿ ನಗರ.

ಕಟ್ಟುನಿಟ್ಟು_ಕನ್ನಡಿಗ
ನೀರಿಲ್ಲದೆ ಒಣಗೋದ್ರಲ್ಲೂ, ಮಳೆ ಬಂದ್ರೆ ಮುಳುಗೋದ್ರಲ್ಲೂ ಸೋದರಿಯರೇ ಬಿಡಿ.

ನಿರ್ವಾಹಕ
ಕಾವೇರಿ ಕಡೆಗೆ ಹೊರಟರೆ ಬೀಗ ಹಾಕ್ತೀನಿ, ಈಗಲೇ ಹೇಳಿದೀನಿ.

ತೀರ್ಥಹಳ್ಳಿ_ಮಗಳು
ಎರಡು ದಿನ ಬರೋಕಾಗಲಿಲ್ಲ. ಪಕ್ಕದ ಮನೆ ಅಜ್ಜಿ ಹತ್ರ ಕೂತು ಮಾತಾಡಿದೆ. ಬೆತ್ತದ ವಿಷಯ ಕೇಳಿದ್ದಕ್ಕೆ ಎಡಗೈ ಅಂಗೈ ಚಾಚಿ ತೋರಿಸಿದ್ರು. ಗುರುತೇನೂ ಉಳಿದಿಲ್ಲ, ಸುಮ್ಮನೆ ಎಲ್ಲಿ ಬಿತ್ತು ಅಂತ ತೋರಿಸಿದ್ದು. ಮೂರನೇ ಕ್ಲಾಸಂತೆ. ಪಕ್ಕದ ಹುಡುಗಿ ಹತ್ರ ರಬ್ಬರ್ ಕೇಳಿದ್ದಕ್ಕೆ.

ಅವರ ಮಕ್ಕಳು ಮೂವರಿಗೂ ಸ್ಪ್ಯಾನಿಷ್ ಬರಲ್ಲ. "ನಿಮ್ಮ ಮಕ್ಕಳು ಲ್ಯಾಟಿನೋ ಹೌದೋ ಅಲ್ವೋ?" ಅಂತ ಕೇಳೋಕೆ ನಾಲಿಗೆ ಏಳಲಿಲ್ಲ. ಬದಲಿಗೆ, 2009ರಲ್ಲಿ ಕ್ಯಾಸ್ಟ್ರೊಗೆ ಯಾಕೆ ವೋಟು ಹಾಕಿದ್ರಿ ಅಂದೆ. ಅವನ ತಾಯಿ 71ರಲ್ಲಿ ನಿಂತಾಗ ತಮಗೆ ವೋಟು ಹಾಕೋ ವಯಸ್ಸು ಆಗಿರಲಿಲ್ಲ ಅಂದ್ರು. ಆಗ 21 ಆಗಿರಬೇಕಿತ್ತಂತೆ. "ತಾಯಿಗೆ ಹಾಕಬೇಕಾಗಿದ್ದ ವೋಟು ಬಾಕಿ ಇತ್ತು, ಹಾಕಿದೆ." ಭಾಷಣ ಹೇಗಿತ್ತು ಅಂದ್ರೆ, 2012ರ ಭಾಷಣದಲ್ಲಿ ಅವನ ಪುಟ್ಟ ಮಗಳು ಟೀವಿಯಲ್ಲಿ ಕೂದಲು ಹಾರಿಸ್ತಾ ಕೂತಿದ್ದೊಂದೇ ನೆನಪಿರೋದು ಅಂತ ನಕ್ಕರು.

ಮೊದಲ ಪೋಸ್ಟಲ್ಲಿ ಬರೆದಿದ್ದನ್ನ ಅಳಿಸಲ್ಲ, ಇರಲಿ. ಆದರೆ ಇವತ್ತು ಹಾಗೆ ಬರೀತಿರಲಿಲ್ಲ. ಮಗ ಪ್ರಾಜೆಕ್ಟ್‌ನಲ್ಲಿ ಅರ್ಧ ಪುಟ ಚರಂಡಿ ಬಗ್ಗೆ ಬರೆದಿದ್ದಾನೆ. @ಹಳೇಪತ್ರಕರ್ತ, ನಿಮ್ಮ ದಯೆ. ಟೀಚರ್ ಏನಂತಾರೋ ನೋಡಬೇಕು.

ಹಳೇಪತ್ರಕರ್ತ
ಅಜ್ಜಿಯವರು ಹೇಳಿದ್ದು ಸರಿ. ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಸಿದ ತಿದ್ದುಪಡಿ ಜಾರಿಯಾಗಿದ್ದು 1971ರ ಜುಲೈನಲ್ಲಿ. ಕೌನ್ಸಿಲ್ ಚುನಾವಣೆ ಅಷ್ಟರೊಳಗೆ ಮುಗಿದಿತ್ತು.

ಕಟ್ಟುನಿಟ್ಟು_ಕನ್ನಡಿಗ
ಅಜ್ಜಿಗೆ ನಮಸ್ಕಾರ. ನನ್ನ ವಾದ ಬಿಟ್ಟಿಲ್ಲ, ಆದರೆ ಇವತ್ತು ಮಾಡಲ್ಲ. ಮಗನಿಗೆ ಕನ್ನಡ ಓದೋಕೆ ಕಲಿಸಿ ಮಾತ್ರ.

ತೀರ್ಥಹಳ್ಳಿ_ಮಗಳು
ಶುರು ಮಾಡಿದೀನಿ. ‘ಅ’ ಬರೆಯೋಕೆ ಒಂದು ವಾರ ಹಿಡೀತು. ‘ಋ’ ಬಂದರೆ ಓಡಿಹೋಗ್ತಾನೆ.

ದಾರ್ವಾಡಪೇಡೆ
ಅಕ್ಕಾರ, ಇನ್ನೊಂದ ಕೇಳೂದಿತ್ತು. ಆ ಅಜ್ಜಿ ಮನ್ಯಾಗ ಮೆಕ್ಕಿಜ್ವಾಳದ ಮಾಸಾ ಹಿಟ್ಟಿಲೆ ಟೋರ್ಟಿಯಾ ಮಾಡ್ತಾರಲ್ಲ, ಆ ಹಿಟ್ಟಿನಾಗ ರೊಟ್ಟಿ ಬಡಿಯಾಕ ಬರ್ತದೇನು? ನಮ್ಮ ತಂಗಿ ಡಾಲಸ್‌ನ್ಯಾಗ ಇದ್ದಾಳ, ಜ್ವಾಳದ ಹಿಟ್ಟು ಸಿಗವಲ್ದು ಅಂತ ದಿನಾ ಫೋನ್ ಮಾಡಿ ಅಳ್ತಾಳ.

ತೀರ್ಥಹಳ್ಳಿ_ಮಗಳು
ಬರುತ್ತೆ, ಆದರೆ ಅದು ಸುಣ್ಣದ ನೀರಲ್ಲಿ ಬೇಯಿಸಿ ಬೀಸಿದ ಹಿಟ್ಟು, ವಾಸನೆ ಬೇರೆ. ನಾನು ಮಲೆನಾಡಿನವಳು, ನಂಗೆ ಅಕ್ಕಿರೊಟ್ಟಿ ಬಿಟ್ಟು ಬಡಿಯೋಕೆ ಬರಲ್ಲ. ಅಜ್ಜಿನೇ ಕೇಳಿ ಹೇಳ್ತೀನಿ.

ದಾರ್ವಾಡಪೇಡೆ
ಕುದಿಯೂ ನೀರು ಹಾಕಿ ನಾದಬೇಕೋ, ಉಗುರುಬೆಚ್ಚಗಿಂದೋ? ಅದನ್ನೂ ಕೇಳ್ರಿ ಹಂಗ.